ಸಿ ಡ್ರೈವ್ ತುಂಬಿದೆ, ಡಿ ಖಾಲಿ ಇದೆ: ಪ್ರೋಗ್ರಾಂ ಡೇಟಾ ಸಾಗಿಸಲು ಯಾವ ದಾರಿ ಹಿಡಿಯಬೇಕು?

"ಸರ, ಸಿ ಡ್ರೈವ್ ಕೆಂಪಾಗೇತ್ರೀ. ಡಿ ಒಳಗ ಜಾಗ ಹಂಗ ಖಾಲಿ ಬಿದ್ದೈತಿ. ಅತ್ತಾಗ ಸರಿಸಿ ಕೊಡ್ರಿ." ಹುಬ್ಬಳ್ಳಿ-ಧಾರವಾಡದಲ್ಲಿ ಕಂಪ್ಯೂಟರ್ ಕೆಲಸ ಮಾಡುವವರ ಕಿವಿಗೆ ಈ ಮಾತು ಬೀಳುತ್ತಲೇ ಇರುತ್ತದೆ. ಕಾರಣವೂ ಗೊತ್ತಿರುವಂಥದ್ದೇ. ಕೆಲವು ವರ್ಷಗಳ ಹಿಂದೆ ಅಸೆಂಬಲ್ ಮಾಡಿಸಿದ ಎಷ್ಟೋ ಮಷಿನ್‌ಗಳಲ್ಲಿ ವಿಂಡೋಸ್‌ಗೆ 120 ಅಥವಾ 240 ಜಿಬಿಯ ಸಣ್ಣ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್), ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ಆಗ ಅಷ್ಟು ಸಾಕಾಗಿತ್ತು. ಈಗ ಸಾಲುತ್ತಿಲ್ಲ.

ಇಲ್ಲಿ ಒಂದು ವಿಷಯ ಬೇಗ ತಿಳಿದುಕೊಂಡರೆ ಮುಂದಿನದು ಸುಲಭ. ಜಾಗ ತಿನ್ನುವುದು ಹೆಚ್ಚಾಗಿ ಪ್ರೋಗ್ರಾಂ ಅಲ್ಲ, ಅದು ಕೂಡಿಡುವ ಡೇಟಾ. ಪ್ರೋಗ್ರಾಂ ಒಮ್ಮೆ ಪ್ರೋಗ್ರಾಂ ಫೈಲ್ಸ್ ಒಳಗೆ ಕೂತರೆ ಅಷ್ಟಕ್ಕಷ್ಟೇ ಇರುತ್ತದೆ. ದಿನಾ ಬೆಳೆಯುವುದು ಯೂಸರ್ಸ್ ಒಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಕಣ್ಣಿಗೆ ಕಾಣದಂತೆ ಇರುವ ಆಪ್‌ಡೇಟಾ. ಅದರಲ್ಲಿ ಲೋಕಲ್, ಲೋಕಲ್‌ಲೋ, ರೋಮಿಂಗ್ ಅಂತ ಮೂರು ಭಾಗ. ಬ್ರೌಸರ್‌ನ ಪಾಸ್‌ವರ್ಡ್, ಮೇಲ್, ವಿಡಿಯೋ ಎಡಿಟಿಂಗ್‌ನ ಕ್ಯಾಶ್, ವಾಟ್ಸಾಪ್‌ನ ಫೋಟೋ ಎಲ್ಲ ಇಲ್ಲೇ ಸೇರುತ್ತವೆ.

ಹಾಗಂತ ಆ ಫೋಲ್ಡರನ್ನು ಕಟ್ ಮಾಡಿ ಡಿ ಡ್ರೈವ್‌ನಲ್ಲಿ ಪೇಸ್ಟ್ ಮಾಡಿದರೆ ಕೆಲಸ ಆಗುವುದಿಲ್ಲ. ಪ್ರೋಗ್ರಾಂ ಹಳೆಯ ಜಾಗದಲ್ಲೇ ಹುಡುಕುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಹೊಸದಾಗಿ ಶುರು ಮಾಡುತ್ತದೆ. ತೆರೆದು ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ: ಮೇಲ್ ಇಲ್ಲ, ಬುಕ್‌ಮಾರ್ಕ್ ಇಲ್ಲ, ಏನೂ ಇಲ್ಲ. ಡೇಟಾ ಹೋಗಿರುವುದಿಲ್ಲ. ಹೊಸ ವಿಳಾಸ ಯಾರಿಗೂ ಹೇಳಿಲ್ಲ, ಅಷ್ಟೇ.

ಹಾಗಾಗಿ ನೀವು ಆರಿಸಬೇಕಾದ್ದು ಇದನ್ನು: ಹೊಸ ವಿಳಾಸವನ್ನು ಯಾರಿಗೆ ಹೇಳುವುದು? ಪ್ರೋಗ್ರಾಂಗೇ ಹೇಳಬಹುದು. ವಿಂಡೋಸ್‌ಗೆ ಹೇಳಬಹುದು. ಅಥವಾ ಯಾರಿಗೂ ಹೇಳದೆ, ಹಳೆಯ ಜಾಗದಲ್ಲೇ ಒಂದು ಕೊಂಡಿ ಇಟ್ಟು ಸುಮ್ಮನಿರಬಹುದು. ನನ್ನ ಮಟ್ಟಿಗೆ ಈ ಕ್ರಮವೇ ಸರಿ. ಮೊದಲನೆಯದು ಆಗದಿದ್ದರೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಬಹಳಷ್ಟು ಜನ ಸೀದಾ ಮೂರನೆಯದಕ್ಕೆ ಕೈ ಹಾಕುತ್ತಾರೆ. ವಿಡಿಯೋಗಳಲ್ಲಿ ಅದನ್ನೇ ತೋರಿಸುವುದು ಜಾಸ್ತಿ, ಅದಕ್ಕೆ.

ಕೈ ಹಾಕುವ ಮೊದಲು

ನಿಮ್ಮ ಡಿ ಡ್ರೈವ್ ನಿಜವಾಗಿ ಬೇರೆ ಡಿಸ್ಕ್ ಹೌದಾ ನೋಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಒತ್ತಿ. ಡಿಸ್ಕ್ 0 ಎಂಬ ಒಂದೇ ಸಾಲಿನ ಮುಂದೆ ಸಿ, ಡಿ ಎರಡೂ ಇದ್ದರೆ ಅವು ಒಂದೇ ಡಿಸ್ಕಿನ ಎರಡು ಭಾಗ. ಸಾಗಿಸಿದರೆ ಸಿ ಹಗುರ ಆಗುತ್ತದೆ, ನಿಜ. ಆದರೆ ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ. "ಡೇಟಾ ಡಿ ಒಳಗ ಐತಿ, ಏನೂ ಆಗಂಗಿಲ್ಲ" ಅಂತ ನಂಬಿ ಕೂತವರು ತುಂಬಾ ಜನ. ಈ ನಂಬಿಕೆ ಸರಿಯಲ್ಲ.

ಹೊಸ ವಿಂಡೋಸ್‌ಗಳಲ್ಲಿ ಅದೇ ಜಾಗದಲ್ಲಿ ಎಸ್‌ಎಸ್‌ಡಿಯೋ ಎಚ್‌ಡಿಡಿಯೋ ಅನ್ನುವುದೂ ಕಾಣುತ್ತದೆ. ಅದನ್ನೂ ಗಮನಿಸಿ. ತಿರುಗುವ ಹಾರ್ಡ್ ಡಿಸ್ಕ್ ದೊಡ್ಡ ಫೈಲನ್ನು ಒಂದೇ ಸಮನೆ ಓದಲು ಪರವಾಗಿಲ್ಲ, ಸೆಕೆಂಡಿಗೆ 100ರಿಂದ 150 ಎಂಬಿ ಕೊಡುತ್ತದೆ. ಚಿಕ್ಕ ಚಿಕ್ಕ ಫೈಲುಗಳನ್ನು ಅಲ್ಲಲ್ಲಿ ಹುಡುಕಿ ಓದುವಾಗ ಅದಕ್ಕೆ ಏದುಸಿರು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಇಂಥ ಓದನ್ನು ಸೆಕೆಂಡಿಗೆ ಸುಮಾರು 100 ಸಲ ಮಾಡಬಲ್ಲದು. ಸಾಟಾ ಎಂಬ ಹಳೆಯ ಜೋಡಣೆಯ ಸಾದಾ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ. ಅಂದರೆ ದೊಡ್ಡದಾಗಿ ತಣ್ಣಗೆ ಬಿದ್ದಿರುವ ಡೇಟಾ ಹಾರ್ಡ್ ಡಿಸ್ಕಿಗೆ ಹೋಗಲಿ. ಚಿಕ್ಕ ಫೈಲುಗಳ ರಾಶಿ, ಕ್ಷಣಕ್ಷಣಕ್ಕೂ ಮುಟ್ಟುವಂಥದ್ದು ಎಸ್‌ಎಸ್‌ಡಿಯಲ್ಲೇ ಇರಲಿ.

ಇನ್ನೊಂದು. ಯಾವುದು ಡೇಟಾ, ಯಾವುದು ಕ್ಯಾಶ್? ಕ್ಯಾಶ್ ಅಂದರೆ ಅಳಿಸಿದರೂ ಪ್ರೋಗ್ರಾಂ ಮತ್ತೆ ತಾನೇ ಮಾಡಿಕೊಳ್ಳುವಂಥದ್ದು. ಅದನ್ನು ಸಾಗಿಸುವ ತಾಪತ್ರಯವೇ ಬೇಡ, ಅಳಿಸಿ. ವಿನ್‌ಡಿರ್‌ಸ್ಟ್ಯಾಟ್ ಅಥವಾ ಟ್ರೀಸೈಜ್ ಹಾಕಿ ಯಾವ ಫೋಲ್ಡರ್ ಎಷ್ಟು ತಿಂದಿದೆ ನೋಡಿಕೊಳ್ಳಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಪ್ರೋಗ್ರಾಂಗೇ ಹೇಳುವುದು

ಎಲ್ಲಕ್ಕಿಂತ ಒಳ್ಳೆಯ ದಾರಿ ಇದು. ಪ್ರೋಗ್ರಾಂನ ಸೆಟ್ಟಿಂಗ್ಸ್‌ನಲ್ಲೇ ಡೇಟಾ ಎಲ್ಲಿಡಬೇಕು ಎಂಬ ಜಾಗ ಇದ್ದರೆ ಬೇರೆ ಏನನ್ನೂ ಯೋಚಿಸಬೇಡಿ. ಅಪ್‌ಡೇಟ್ ಬಂದರೂ ಅದು ಹಾಳಾಗುವುದಿಲ್ಲ, ಮುಂದೆ ಬಂದು ನೋಡುವವರಿಗೂ ಗೊತ್ತಾಗುತ್ತದೆ.

ನಮ್ಮ ಕಡೆ ಮೊದಲು ಬರುವ ಹೆಸರು ಟ್ಯಾಲಿ. ದಾಜಿಬಾನ ಪೇಟೆಯ ಬಟ್ಟೆ ಅಂಗಡಿಯಿಂದ ಅಮರಗೋಳ ಎಪಿಎಂಸಿಯ ದಲಾಲಿ ಅಂಗಡಿವರೆಗೆ ಲೆಕ್ಕ ಇರುವುದು ಅದರಲ್ಲೇ. ಟ್ಯಾಲಿಪ್ರೈಮ್ ತಾನಾಗಿ ಡೇಟಾ ಇಡುವುದು ಸಿ ಡ್ರೈವ್, ಯೂಸರ್ಸ್, ಪಬ್ಲಿಕ್ ಒಳಗಿನ ಟ್ಯಾಲಿಪ್ರೈಮ್ ಫೋಲ್ಡರ್‌ನಲ್ಲಿ. ಒಳಗೆ 10000, 10001 ಅಂತ ಸಂಖ್ಯೆಯೇ ಹೆಸರಾಗಿರುವ ಫೋಲ್ಡರುಗಳು. ಒಂದೊಂದು ಕಂಪನಿಗೆ ಒಂದೊಂದು. ಎಫ್1 ಒತ್ತಿ, ಸೆಟ್ಟಿಂಗ್ಸ್, ಡೇಟಾ ಕಾನ್ಫಿಗರೇಷನ್‌ಗೆ ಹೋದರೆ ಹೊಸ ದಾರಿ ಕೊಡಬಹುದು.

ದಾರಿ ಬದಲಿಸುವುದು ಸುಲಭ. ಅಪಾಯ ಇರುವುದು ಬೇರೆ ಕಡೆ. ಕಾಪಿ ಮಾಡಿದ ಮೇಲೆ ಹಳೆಯ ಡೇಟಾವೂ ಜೀವಂತ ಇರುತ್ತದೆ, ಹೊಸದೂ ಇರುತ್ತದೆ. ಆಫೀಸಿನಲ್ಲಿ ಮೂರು ಮಷಿನ್ ಇದ್ದು ಎರಡಕ್ಕೆ ಮಾತ್ರ ಹೊಸ ದಾರಿ ಕೊಟ್ಟು ಮೂರನೆಯದನ್ನು ಮರೆತರೆ? ಆ ಮಷಿನ್ ಮುಂದೆ ಕೂರುವ ಹುಡುಗಿ ಹಳೆಯದರಲ್ಲೇ ವೋಚರ್ ಹಾಕುತ್ತಾ ಹೋಗುತ್ತಾಳೆ. ತಿಂಗಳು ಕಳೆದ ಮೇಲೆ ಅರ್ಧ ಲೆಕ್ಕ ಅಲ್ಲಿ, ಅರ್ಧ ಇಲ್ಲಿ. ಅದನ್ನು ಕೂಡಿಸುವ ಕಷ್ಟ ಕೂಡಿಸಿದವರಿಗೇ ಗೊತ್ತು. ಆದ್ದರಿಂದ ಹೀಗೆ ಮಾಡಿ. ಎಲ್ಲ ಮಷಿನ್‌ಗಳಲ್ಲಿ ಟ್ಯಾಲಿ ಮುಚ್ಚಿಸಿ. ಅದಕ್ಕೂ ಮೊದಲು ಕೊನೆಯ ಸೇಲ್ಸ್ ವೋಚರ್ ನಂಬರ್ ಮತ್ತು ಟ್ರಯಲ್ ಬ್ಯಾಲೆನ್ಸ್ ಮೊತ್ತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋಲ್ಡರ್ ಕಾಪಿ ಮಾಡಿ, ಹೊಸ ದಾರಿ ಕೊಟ್ಟು, ಎರಡೂ ತಾಳೆ ಆಗುತ್ತವಾ ನೋಡಿ. ತಾಳೆ ಆದ ತಕ್ಷಣ ಹಳೆಯ ಡೇಟಾ ಫೋಲ್ಡರಿನ ಹೆಸರು ಬದಲಿಸಿ, ಕೊನೆಯಲ್ಲಿ ಹಳೆಯದು ಅಂತ ಸೇರಿಸಿದರೂ ಸಾಕು. ಆಮೇಲೆ ಯಾರು ತಪ್ಪಿ ಹಳೆಯ ದಾರಿಗೆ ಹೋದರೂ ಕಂಪನಿ ಕಾಣುವುದಿಲ್ಲ. ತಕ್ಷಣ ಕೂಗುತ್ತಾರೆ. ಕೂಗಿದರೆ ಒಳ್ಳೆಯದೇ.

ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್ ಆಗಿದ್ದರೆ ಹೊಸ ಫೋಲ್ಡರಿಗೂ ಶೇರಿಂಗ್ ಪರ್ಮಿಷನ್ ಕೊಡಬೇಕು. ದಿನ ನೋಡಿಕೊಂಡು ಕೈ ಹಾಕಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅಂತ ಓಡಾಡುವ ಹೊತ್ತಿನಲ್ಲಿ ಬೇಡ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಇದ್ದಾಗ ಸೋಮವಾರ, ಗುರುವಾರದ ಮಾರುಕಟ್ಟೆ ದಿನವಂತೂ ಬೇಡವೇ ಬೇಡ. ಭಾನುವಾರ ಬೆಳಿಗ್ಗೆ ಮಾಡಿ.

ಸ್ಟುಡಿಯೋದವರ ಕಥೆ ಬೇರೆ. ಮದುವೆ ಸೀಸನ್ ಮುಗಿಯುವಷ್ಟರಲ್ಲಿ ಸಿ ಡ್ರೈವ್ ತುಂಬಿದ್ದರೆ ಮೊದಲು ಅನುಮಾನಪಡಬೇಕಾದ್ದು ವಿಡಿಯೋ ಎಡಿಟ್ ಮಾಡುವ ಪ್ರೀಮಿಯರ್‌ನ ಮೀಡಿಯಾ ಕ್ಯಾಶ್. ವಿಡಿಯೋಗಳು ಡಿ ಡ್ರೈವ್‌ನಲ್ಲೇ ಇರುತ್ತವೆ, ಆದರೆ ಅವುಗಳ ಆಡಿಯೋ ರೂಪ, ವೇವ್‌ಫಾರ್ಮ್ ಎಲ್ಲ ಆಪ್‌ಡೇಟಾದ ರೋಮಿಂಗ್, ಅಡೋಬಿ, ಕಾಮನ್ ಒಳಗೆ ರಾಶಿ ಬೀಳುತ್ತವೆ. ಪ್ರಿಫರೆನ್ಸಸ್‌ನ ಮೀಡಿಯಾ ಕ್ಯಾಶ್‌ನಲ್ಲಿ ಬೇರೆ ಜಾಗ ಕೊಡಬಹುದು, ಇಂತಿಷ್ಟು ದಿನಕ್ಕಿಂತ ಹಳೆಯದನ್ನು ತಾನೇ ಅಳಿಸು ಅಂತಲೂ ಹೇಳಬಹುದು. ಇದು ಕ್ಯಾಶ್, ಹೋದರೆ ಅಳುವಂಥದ್ದಲ್ಲ. ಆದರೆ ಹಾರ್ಡ್ ಡಿಸ್ಕಿಗೆ ಹಾಕಿದರೆ ಟೈಮ್‌ಲೈನ್ ಎಳೆಯುವಾಗ ತಡವರಿಸುತ್ತದೆ. ಇನ್ನೊಂದು ಎಸ್‌ಎಸ್‌ಡಿ ಇದ್ದರೆ ಅದಕ್ಕೆ ಹಾಕಿ. ಇಲ್ಲದಿದ್ದರೆ ಸಿಯಲ್ಲೇ ಇಟ್ಟು ಆಗಾಗ ಅಳಿಸುತ್ತಿರಿ. ಫೋಟೋಶಾಪ್‌ನ ಸ್ಕ್ರ್ಯಾಚ್ ಡಿಸ್ಕಿಗೂ (ಕೆಲಸದ ನಡುವೆ ತಾತ್ಕಾಲಿಕ ಫೈಲು ಇಡುವ ಜಾಗ) ಇದೇ ಮಾತು.

ಫೋಟೋ ತಿದ್ದುವ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಕ್ಯಾಟಲಾಗ್ ಮಾತ್ರ ಹುಷಾರು. ನೀವು ಮಾಡಿದ ಎಡಿಟ್‌ಗಳೆಲ್ಲ ಆ ಕ್ಯಾಟಲಾಗ್ ಫೈಲಿನಲ್ಲಿರುತ್ತವೆ. ಪಕ್ಕದ ಪ್ರಿವ್ಯೂಸ್ ಫೋಲ್ಡರ್ ಜೊತೆಗೇ ಅದನ್ನು ಒಯ್ಯಿರಿ, ಹೊಸ ಜಾಗದಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ನೆಟ್‌ವರ್ಕ್ ಡ್ರೈವ್‌ನಲ್ಲಿ ಇಟ್ಟರೆ ಲೈಟ್‌ರೂಮ್ ತೆರೆಯುವುದಿಲ್ಲ. ಒಬ್ಬರ ಮದುವೆಯ ಅಕ್ಷತೆ ಫೋಟೋವನ್ನು ಮತ್ತೆ ತೆಗೆಯಲು ಆಗುವುದಿಲ್ಲ. ಆದ್ದರಿಂದ ಮೂಲ ಫೋಟೋ ಮತ್ತು ಕ್ಯಾಟಲಾಗ್ ಎರಡನ್ನೂ ಮೊದಲು ಬೇರೊಂದು ಡಿಸ್ಕಿಗೆ ಬ್ಯಾಕಪ್ ಮಾಡಿ, ಆಮೇಲೆ ಉಳಿದದ್ದು.

ಮೇಲ್ ಪ್ರೋಗ್ರಾಂ ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಸೆಟ್ಟಿಂಗ್ಸ್‌ನ ಸರ್ವರ್ ಸೆಟ್ಟಿಂಗ್ಸ್ ಕೆಳಗೆ ಲೋಕಲ್ ಡೈರೆಕ್ಟರಿ ಅಂತ ಇದೆ. ಅಲ್ಲೇ ಬದಲಿಸಬಹುದು. ಐಮ್ಯಾಪ್ ಅಕೌಂಟ್ (ಮೇಲ್ ಸರ್ವರ್‌ನಲ್ಲೂ ಉಳಿಯುವಂಥದ್ದು) ಆಗಿದ್ದರೆ ಸಾಗಿಸುವುದಕ್ಕಿಂತ, ಇತ್ತೀಚಿನ ಮೇಲ್ ಮಾತ್ರ ಮಷಿನ್‌ನಲ್ಲಿ ಇರಲಿ ಅಂತ ಹೇಳುವುದು ಇನ್ನೂ ಒಳ್ಳೆಯದು. ಟೆಲಿಗ್ರಾಂನ ಡೌನ್‌ಲೋಡ್, ಸ್ಟೀಮ್‌ನ ಗೇಮ್ ಇವಕ್ಕೆಲ್ಲ ಸೆಟ್ಟಿಂಗ್ಸ್‌ನಲ್ಲಿ ಸೀದಾ ಜಾಗ ಇದೆ, ಹೆಚ್ಚು ಹೇಳಬೇಕಿಲ್ಲ.

ವಿಂಡೋಸ್‌ಗೆ ಹೇಳುವುದು

ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಫೋಲ್ಡರುಗಳ ವಿಳಾಸ ವಿಂಡೋಸ್‌ನ ಕೈಯಲ್ಲಿದೆ. ಪ್ರೋಗ್ರಾಂಗಳು ಅದನ್ನು ಕೇಳಿ ತಿಳಿದುಕೊಳ್ಳುತ್ತವೆ. ಅದಕ್ಕೇ ಈ ದಾರಿ ಗಟ್ಟಿ.

ಗದಗಿನ ಪ್ರೆಸ್ಸುಗಳಿಗೆ ಇದು ಹೇಳಿ ಮಾಡಿಸಿದ ದಾರಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಕ್ಯಾಲೆಂಡರ್ ಹೀಗೆ ಡಿಸೈನ್ ಪ್ರೋಗ್ರಾಂ ಕೋರೆಲ್‌ನ ಎಲ್ಲ ಫೈಲುಗಳೂ ಡೆಸ್ಕ್‌ಟಾಪ್ ಮೇಲೇ. ಗಿರಾಕಿ ಎದುರಿಗೆ ಕೂತಿರುವಾಗ ಫೋಲ್ಡರ್ ಹುಡುಕುತ್ತಾ ಕೂರಲು ಪುರುಸೊತ್ತಿಲ್ಲ, ಅಲ್ವಾ? ಆ ಅಭ್ಯಾಸ ಬಿಡಿಸುವ ಬದಲು ಡೆಸ್ಕ್‌ಟಾಪನ್ನೇ ಡಿಗೆ ಒಯ್ದರೆ ಆಯಿತು. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಹಳೆಯ ಫೈಲುಗಳನ್ನೂ ಒಯ್ಯಲೇ ಅಂತ ಕೇಳುತ್ತದೆ, ಹೌದು ಅನ್ನಿ.

ಇಲ್ಲಿ ಒಂದು ಅಪಾಯ ಇದೆ. ಮೂವ್ ಒತ್ತಿ ಜಾಗ ತೋರಿಸುವಾಗ ಬರೀ ಡಿ ಡ್ರೈವ್ ಆರಿಸಬೇಡಿ. ಮೊದಲೇ ಡಿ ಒಳಗೆ ಡೆಸ್ಕ್‌ಟಾಪ್ ಅಂತ ಖಾಲಿ ಫೋಲ್ಡರ್ ಮಾಡಿ ಅದನ್ನು ಆರಿಸಿ. ಬರೀ ಡಿ ಆರಿಸಿದರೆ ಇಡೀ ಡ್ರೈವೇ ಡೆಸ್ಕ್‌ಟಾಪ್ ಆಗಿಬಿಡುತ್ತದೆ. ಡಿಯಲ್ಲಿದ್ದದ್ದೆಲ್ಲ ಪರದೆ ಮೇಲೆ ಬಂದು ಕೂರುತ್ತದೆ, ವಾಪಸ್ ತರಲು ಹೋದರೆ ಗೋಜಲು. ಒನ್‌ಡ್ರೈವ್‌ನ ಬ್ಯಾಕಪ್ ಆನ್ ಇದ್ದರೆ ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ನಿಲ್ಲಿಸಿ. ಇಲ್ಲವಾದರೆ ಎರಡೂ ಒಂದೇ ಫೋಲ್ಡರಿಗೆ ಜಗ್ಗಾಡುತ್ತವೆ.

ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹಾಕಿಕೊಂಡ ಆಪ್‌ಗಳಿಗೆ, ವಾಟ್ಸಾಪ್ ಸೇರಿದಂತೆ, ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಲ್ಲಿ ಮೂವ್ ಕಂಡರೆ ಅದನ್ನೇ ಬಳಸಿ. ಕಾಣದಿದ್ದರೆ ಅವುಗಳ ಪ್ಯಾಕೇಜಸ್ ಫೋಲ್ಡರಿಗೆ ಕೈ ಹಾಕಬೇಡಿ, ವಾಟ್ಸಾಪ್ ಒಳಗಿನ ಆಟೋ ಡೌನ್‌ಲೋಡ್ ನಿಲ್ಲಿಸಿ.

ಬ್ರೌಸರ್ ಮತ್ತು ಕೋಡಿಂಗ್ ಸಾಮಾನು

ಕ್ರೋಮ್‌ಗೆ ಸೆಟ್ಟಿಂಗ್ಸ್‌ನಲ್ಲಿ ಜಾಗ ಬದಲಿಸುವ ಅವಕಾಶವಿಲ್ಲ. ಶಾರ್ಟ್‌ಕಟ್‌ನ ಟಾರ್ಗೆಟ್ ಕೊನೆಗೆ ಯೂಸರ್-ಡೇಟಾ-ಡಿರ್ ಎಂಬ ಸ್ವಿಚ್ ಸೇರಿಸಿ ಹೊಸ ದಾರಿ ಕೊಡಬಹುದು. ತೊಂದರೆ ಏನೆಂದರೆ ಆ ಮಾತು ಆ ಶಾರ್ಟ್‌ಕಟ್‌ಗೆ ಮಾತ್ರ ಗೊತ್ತು. ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬಂದ ಲಿಂಕ್ ಒತ್ತಿದರೆ ಕ್ರೋಮ್ ಶಾರ್ಟ್‌ಕಟ್ ಮೂಲಕ ತೆರೆಯುವುದಿಲ್ಲ. ಹಳೆಯ ಜಾಗದಲ್ಲೇ ಖಾಲಿ ಪ್ರೊಫೈಲ್ ತೆರೆದು ನಿಲ್ಲುತ್ತದೆ. ಫೈರ್‌ಫಾಕ್ಸ್ ಹಾಗಲ್ಲ. ಅದಕ್ಕೆ ಪ್ರೊಫೈಲ್ಸ್ ಡಾಟ್ ಐಎನ್‌ಐ ಎಂಬ ಸ್ವಂತ ವಿಳಾಸದ ಫೈಲಿದೆ. ಅಡ್ರೆಸ್ ಬಾರ್‌ನಲ್ಲಿ ಅಬೌಟ್ ಕೋಲನ್ ಪ್ರೊಫೈಲ್ಸ್ ಅಂತ ಹಾಕಿ, ಡಿಯಲ್ಲಿ ಹೊಸ ಪ್ರೊಫೈಲ್ ಮಾಡಿ, ಅದನ್ನೇ ಡಿಫಾಲ್ಟ್ ಮಾಡಿ, ಫೈರ್‌ಫಾಕ್ಸ್ ಮುಚ್ಚಿ ಹಳೆಯದರ ಒಳಗಿನದ್ದೆಲ್ಲ ಅಲ್ಲಿಗೆ ಕಾಪಿ ಮಾಡಿದರೆ ಎಲ್ಲಿಂದ ತೆರೆದರೂ ಅದೇ ಪ್ರೊಫೈಲ್ ಬರುತ್ತದೆ.

ಆದರೂ ನನ್ನನ್ನು ಕೇಳಿದರೆ ಬ್ರೌಸರ್‌ನ ಪ್ರೊಫೈಲನ್ನು ಹಾರ್ಡ್ ಡಿಸ್ಕಿಗೆ ಒಯ್ಯಲೇಬೇಡಿ. ಅದು ಸಾವಿರಾರು ಚಿಕ್ಕ ಫೈಲುಗಳ ರಾಶಿ. ಒಂದೆರಡು ಜಿಬಿ ಉಳಿಸಲು ಹೋಗಿ ದಿನವಿಡೀ ನಿಧಾನ ಅನುಭವಿಸುವುದು ಯಾತಕ್ಕೆ? ಕ್ಯಾಶ್ ಅಳಿಸಿ, ಡೌನ್‌ಲೋಡ್ಸ್ ಫೋಲ್ಡರನ್ನು ಡಿಗೆ ಒಯ್ಯಿರಿ, ಸಾಕು.

ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡಿರುವ ಇಂಜಿನಿಯರಿಂಗ್ ಹುಡುಗರ ಲ್ಯಾಪ್‌ಟಾಪ್‌ನಲ್ಲಿ ಜಾಗ ತಿನ್ನುವುದು ಮೊಬೈಲ್ ಆಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋ. ಎಮ್ಯುಲೇಟರ್ (ಪರದೆ ಮೇಲಿನ ನಕಲಿ ಫೋನ್) ಒಂದೊಂದೂ ಹಲವು ಜಿಬಿ, ಮೇಲೆ ಆಪ್ ಕಟ್ಟುವ ಸಾಧನ ಗ್ರೇಡಲ್‌ನ ಕ್ಯಾಶ್. ಇವು ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಲೆಂದು ವಿಂಡೋಸ್‌ನಲ್ಲಿ ಒಂದು ಹೆಸರಿನಡಿ ಬರೆದಿಡುವ ಮಾಹಿತಿ) ನೋಡುತ್ತವೆ. ಎಮ್ಯುಲೇಟರ್‌ಗೆ ಆಂಡ್ರಾಯ್ಡ್ ಎವಿಡಿ ಹೋಮ್, ಗ್ರೇಡಲ್‌ಗೆ ಗ್ರೇಡಲ್ ಯೂಸರ್ ಹೋಮ್. ಪದಗಳ ನಡುವೆ ಅಂಡರ್‌ಸ್ಕೋರ್, ಎಲ್ಲ ದೊಡ್ಡಕ್ಷರ. ಸ್ಟಾರ್ಟ್ ಮೆನುವಿನಲ್ಲಿ ಎನ್ವಿರಾನ್‌ಮೆಂಟ್ ಅಂತ ಹುಡುಕಿ ಸೇರಿಸಿ, ಸ್ಟುಡಿಯೋ ಮುಚ್ಚಿ ಮತ್ತೆ ತೆರೆಯಿರಿ. ಹಳೆಯ ಎಮ್ಯುಲೇಟರ್‌ಗಳನ್ನೂ ಒಯ್ಯುವುದಾದರೆ ಪ್ರತಿಯೊಂದರ ಜೊತೆಗಿರುವ ಐಎನ್‌ಐ ಫೈಲಿನೊಳಗಿನ ದಾರಿಯನ್ನೂ ತಿದ್ದಬೇಕು. ಅದಕ್ಕಿಂತ ಹೊಸದಾಗಿ ಮಾಡಿಕೊಳ್ಳುವುದೇ ಬೇಗ. ಗ್ರೇಡಲ್ ಕ್ಯಾಶನ್ನು ಒಯ್ಯದೆ ಅಳಿಸಿದರೂ ನಡೆಯುತ್ತದೆ, ಮತ್ತೆ ಡೌನ್‌ಲೋಡ್ ಆಗುತ್ತದೆ. ರೂಮಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಸುವವರು ಮಾತ್ರ ಒಯ್ಯುವುದೇ ಲೇಸು.

ಯಾರಿಗೂ ಹೇಳದ ದಾರಿ: ಜಂಕ್ಷನ್

ಸೆಟ್ಟಿಂಗ್ಸ್‌ನಲ್ಲಿ ಜಾಗವಿಲ್ಲ, ವೇರಿಯಬಲ್ ಇಲ್ಲ, ಪ್ರೋಗ್ರಾಂ ಹಳೆಯ ವಿಳಾಸವನ್ನೇ ಹಿಡಿದು ಕೂತಿದೆ. ಆಗ ಜಂಕ್ಷನ್. ಹಳೆಯ ಮನೆಯ ಬಾಗಿಲು ತೆಗೆದು ಕಾಲಿಟ್ಟರೆ ಹೊಸ ಮನೆಯ ಪಡಸಾಲೆ, ಹಾಗಿರುತ್ತದೆ ಇದು. ಪ್ರೋಗ್ರಾಂ ಸಿ ಡ್ರೈವ್‌ನ ಫೋಲ್ಡರಿನಲ್ಲೇ ಬರೆಯುತ್ತಿದ್ದೇನೆ ಅಂದುಕೊಳ್ಳುತ್ತದೆ, ಫೈಲು ಹೋಗಿ ಕೂರುವುದು ಡಿಯಲ್ಲಿ. ವಿಂಡೋಸ್ 2000ದಿಂದಲೂ ಇದು ಇದೆ. ವಿಂಡೋಸ್ ತಾನೂ ಬಳಸುತ್ತದೆ: ವಿಸ್ಟಾದಿಂದ ಈಚೆಗೆ ಸಿ ಡ್ರೈವ್‌ನಲ್ಲಿ ಅಡಗಿರುವ ಡಾಕ್ಯುಮೆಂಟ್ಸ್ ಅಂಡ್ ಸೆಟ್ಟಿಂಗ್ಸ್ ಫೋಲ್ಡರಲ್ಲ, ಯೂಸರ್ಸ್‌ಗೆ ಹೋಗುವ ಜಂಕ್ಷನ್. ಶಾರ್ಟ್‌ಕಟ್ ಬೇರೆ, ಇದು ಬೇರೆ. ಶಾರ್ಟ್‌ಕಟ್ ಇಟ್ಟರೆ ಪ್ರೋಗ್ರಾಂ ಅದನ್ನು ಬರೀ ಒಂದು ಫೈಲು ಅಂತ ನೋಡುತ್ತದೆ, ಹಿಂಬಾಲಿಸುವುದಿಲ್ಲ.

ಮಾಡುವ ಕ್ರಮ ಹೀಗೆ. ಪ್ರೋಗ್ರಾಂ ಮುಚ್ಚಿ. ಗಡಿಯಾರದ ಪಕ್ಕದ ಚಿಕ್ಕ ಐಕಾನುಗಳಲ್ಲಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಇನ್ನೂ ಉಸಿರಾಡುತ್ತಿದೆಯಾ ನೋಡಿ, ಅಲ್ಲಿಂದಲೂ ಮುಚ್ಚಿ. ಆಮೇಲೆ ಫೋಲ್ಡರನ್ನು ಡಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ನಡುವೆ ಕರೆಂಟ್ ಹೋದರೆ, ಮಳೆಗಾಲದ ಸಂಜೆ ಅದು ಹೋಗದೆ ಇರುವುದಿಲ್ಲ, ಅರ್ಧ ಇಲ್ಲಿ ಅರ್ಧ ಅಲ್ಲಿ ಆಗುತ್ತದೆ. ಕಾಪಿ ಆಗಿದ್ದರೆ ಮೂಲ ಹಾಗೇ ಇರುತ್ತದೆ, ಮತ್ತೆ ಶುರು ಮಾಡಿದರಾಯಿತು. ದೊಡ್ಡ ಫೋಲ್ಡರಿಗೆ ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಎಂಬ ಕಮಾಂಡ್ ಒಳ್ಳೆಯದು. ಅದು ಕೊನೆಯಲ್ಲಿ ಎಷ್ಟು ಕಾಪಿ ಆಯಿತು, ಎಷ್ಟು ಫೇಲ್ ಆಯಿತು ಅಂತ ಲೆಕ್ಕ ಕೊಡುತ್ತದೆ. ಫೇಲ್ ಅನ್ನುವಲ್ಲಿ ಸೊನ್ನೆ ಇರಬೇಕು. ಅದರ ಮಿರರ್ ಸ್ವಿಚ್ ಮಾತ್ರ ಬಳಸಬೇಡಿ. ಹೊಸ ಜಾಗದಲ್ಲಿ ಹೆಚ್ಚುವರಿಯಾಗಿ ಇರುವುದನ್ನೆಲ್ಲ ಅದು ಅಳಿಸಿಹಾಕುತ್ತದೆ.

ಈಗ ಹಳೆಯ ಫೋಲ್ಡರನ್ನು ಅಳಿಸದೆ ಹೆಸರು ಬದಲಿಸಿ. ಆ ಜಾಗ ಖಾಲಿ ಇರಬೇಕು, ಆಗಲೇ ಜಂಕ್ಷನ್ ಆಗುವುದು. ಕಮಾಂಡ್ ಪ್ರಾಂಪ್ಟ್ ತೆರೆದು ಎಂಕೆಲಿಂಕ್, ಸ್ಲ್ಯಾಶ್ ಜೆ, ಆಮೇಲೆ ಕೋಟ್ ಒಳಗೆ ಹಳೆಯ ದಾರಿ, ಮತ್ತೆ ಕೋಟ್ ಒಳಗೆ ಹೊಸ ದಾರಿ. ಮೊದಲು ಹಳೆಯದು, ಆಮೇಲೆ ಹೊಸದು. ಬಹಳ ಜನ ಉಲ್ಟಾ ಹಾಕುವುದು ಇಲ್ಲೇ. ಪವರ್‌ಶೆಲ್‌ನಲ್ಲಿ ಈ ಕಮಾಂಡ್ ನಡೆಯುವುದಿಲ್ಲ, ಹಳೆಯ ಕಪ್ಪು ಕಮಾಂಡ್ ಪ್ರಾಂಪ್ಟೇ ಬೇಕು. ಸರಿ ಆಗಿದ್ದರೆ ಜಂಕ್ಷನ್ ಕ್ರಿಯೇಟೆಡ್ ಅಂತ ಬಂದು ಎರಡು ದಾರಿಗಳ ನಡುವೆ ಬಾಣದ ಗುರುತು ಕಾಣುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಆ ಫೋಲ್ಡರಿನ ಮೂಲೆಗೆ ಸಣ್ಣ ಬಾಣ ಬಂದಿರುತ್ತದೆ.

ಪ್ರೋಗ್ರಾಂ ತೆರೆದು ನಾಲ್ಕಾರು ದಿನ ಕೆಲಸ ಮಾಡಿ. ಎಲ್ಲ ಸರಿ ಇದ್ದರೆ ಹೆಸರು ಬದಲಿಸಿದ ಹಳೆಯ ಫೋಲ್ಡರ್ ಅಳಿಸಿ. ನಿಜವಾದ ಜಾಗ ಸಿಗುವುದು ಆಗಲೇ. ಸರಿ ಇಲ್ಲವೇ? ಆರ್‌ಎಂಡಿಐಆರ್ ಕಮಾಂಡ್‌ನಿಂದ ಜಂಕ್ಷನ್ ತೆಗೆಯಿರಿ, ಹಳೆಯ ಫೋಲ್ಡರಿಗೆ ಮೊದಲಿನ ಹೆಸರು ಕೊಡಿ, ಎಲ್ಲ ಮೊದಲಿನಂತೆ. ಆ ಕಮಾಂಡಿಗೆ ಸ್ಲ್ಯಾಶ್ ಎಸ್ ಸೇರಿಸಬೇಡಿ. ಬರೀ ಆರ್‌ಎಂಡಿಐಆರ್ ಕೊಂಡಿಯನ್ನಷ್ಟೇ ಕಳಚುತ್ತದೆ, ಡಿಯಲ್ಲಿರುವ ಡೇಟಾಗೆ ಏನೂ ಆಗುವುದಿಲ್ಲ.

ಇಷ್ಟು ಚೆನ್ನಾಗಿದ್ದರೂ ಇದನ್ನು ಕೊನೆಗೆ ಇಟ್ಟಿದ್ದೇಕೆ? ಜಂಕ್ಷನ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೆ. ಮುಂದಿನ ವರ್ಷ ಬೇರೆ ಹುಡುಗ ಬಂದು ಡಿಯಲ್ಲಿ ಯಾವುದೋ ಬೇಡದ ಫೋಲ್ಡರ್ ಅಂತ ಅಳಿಸಿಬಿಡಬಹುದು. ಡ್ರೈವ್ ಅಕ್ಷರ ಬದಲಾದರೆ, ಡಿ ಹೋಗಿ ಇ ಆದರೆ, ಜಂಕ್ಷನ್ ಎಲ್ಲಿಗೂ ತಲುಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಅಕ್ಷರ ಸರಿ ಮಾಡಬೇಕು. ಯುಎಸ್‌ಬಿ ಡ್ರೈವ್‌ಗೆ ಜಂಕ್ಷನ್ ಹಾಕುವುದು ಈ ಕಾರಣಕ್ಕೇ ಬೇಡ. ಕೇಬಲ್ ಸಡಿಲವಾದ ದಿನ ಪ್ರೋಗ್ರಾಂ ತೆರೆಯುವುದಿಲ್ಲ. ಕೆಲವು ಪ್ರೋಗ್ರಾಂಗಳು ಅಪ್‌ಡೇಟ್ ಆಗುವಾಗ ಫೋಲ್ಡರ್ ಅಳಿಸಿ ಹೊಸದು ಮಾಡುತ್ತವೆ, ಅಲ್ಲಿಗೆ ಕೊಂಡಿ ಕಳಚಿತು. ಇನ್ನು ಕೆಲವು, ಫೈಲನ್ನು ಮೊದಲು ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ ಬರೆದು ಆಮೇಲೆ ಹೆಸರು ಬದಲಿಸಿ ಜಾಗಕ್ಕೆ ತರುತ್ತವೆ. ಟೆಂಪ್ ಸಿಯಲ್ಲಿ, ಜಾಗ ಡಿಯಲ್ಲಿ ಆದಾಗ ಅಲ್ಲಿ ಎಡವುತ್ತವೆ. ಟ್ಯಾಲಿ ಡೇಟಾಗೆ ಜಂಕ್ಷನ್ ಹಾಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಸೀದಾ ದಾರಿ ಇರುವಾಗ ಒಳದಾರಿ ಯಾಕೆ?

ಇಡೀ ಯೂಸರ್ಸ್ ಫೋಲ್ಡರನ್ನೇ ಒಯ್ಯುವುದು

ಬೇಡ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಪ್ರೊಫೈಲ್ ದಾರಿ ಬದಲಿಸಿದರೆ ಆಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಯೂಸರ್ ಪ್ರೊಫೈಲುಗಳನ್ನು ವಿಂಡೋಸ್ ಇರುವ ಡ್ರೈವ್ ಬಿಟ್ಟು ಬೇರೆ ಡ್ರೈವ್‌ಗೆ ತಿರುಗಿಸಿದರೆ ವಿಂಡೋಸ್ ಅಪ್‌ಗ್ರೇಡ್ ಆಗುವುದಿಲ್ಲ ಎಂದು ಮೈಕ್ರೋಸಾಫ್ಟ್ ತನ್ನ ದಾಖಲೆಯಲ್ಲೇ ಎಚ್ಚರಿಸಿದೆ. ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇವತ್ತಲ್ಲ ನಾಳೆ 11ಕ್ಕೆ ಹೋಗಬೇಕಾದ ಮಷಿನ್‌ಗೆ ಈ ಗೊಡವೆ ಯಾಕೆ?

ಸಾಗಿಸದೆ ಜಾಗ ಹೆಚ್ಚಿಸುವುದು

ಪಟ್ಟಿ ಮಾಡಿ ನೋಡಿ. ಒಂದೋ ಎರಡೋ ಪ್ರೋಗ್ರಾಂ ಮಾತ್ರ ಜಾಗ ತಿನ್ನುತ್ತಿದ್ದರೆ ಮೇಲಿನ ದಾರಿಗಳು ಸಾಕು. ಐದಾರು ಪ್ರೋಗ್ರಾಂಗೆ ಜಂಕ್ಷನ್ ಹಾಕುವ ಪರಿಸ್ಥಿತಿ ಬಂದಿದ್ದರೆ ನಿಮಗೆ ಬೇಕಾದ್ದು ದೊಡ್ಡ ಎಸ್‌ಎಸ್‌ಡಿ. ಹಳೆಯದನ್ನು ಅದಕ್ಕೆ ಕ್ಲೋನ್ ಮಾಡಿದರೆ, ಅಂದರೆ ಇದ್ದದ್ದನ್ನು ಇದ್ದಂತೆ ಕಾಪಿ ಮಾಡಿದರೆ, ಯಾವ ವಿಳಾಸವನ್ನೂ ಬದಲಿಸಬೇಕಿಲ್ಲ, ಪ್ರೋಗ್ರಾಂಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕೊಳ್ಳುವ ಮೊದಲು ಮದರ್‌ಬೋರ್ಡ್‌ನಲ್ಲಿ ಎಂ.2 ಸ್ಲಾಟ್ (ಎಸ್‌ಎಸ್‌ಡಿಯನ್ನು ಸೀದಾ ಸಿಕ್ಕಿಸುವ ಜಾಗ) ಇದೆಯಾ, ಇದ್ದರೆ ಅದು ಎನ್‌ವಿಎಂಇ ಎಂಬ ವೇಗದ ಬಗೆಯನ್ನು ಹಿಡಿಯುತ್ತದಾ ಬರೀ ಸಾಟಾನಾ ಕೇಳಿಕೊಳ್ಳಿ. ನೋಡಲು ಎರಡೂ ಒಂದೇ ತರಹ.

ಸಿ, ಡಿ ಒಂದೇ ಡಿಸ್ಕಿನಲ್ಲಿದ್ದರೆ ಸಿಯನ್ನೇ ಹಿಗ್ಗಿಸಬಹುದು. ಆದರೆ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಸಿಯ ಪಕ್ಕದಲ್ಲೇ, ಬಲಗಡೆಗೆ, ಯಾರಿಗೂ ಸೇರದ ಖಾಲಿ ಜಾಗ ಬೇಕು. ಅಲ್ಲಿ ಡಿ ಕೂತಿರುತ್ತದೆ. ಅಂದರೆ ಡಿಯಲ್ಲಿರುವುದನ್ನೆಲ್ಲ ಹೊರಗೆ ತೆಗೆದು, ಡಿ ಅಳಿಸಿ, ಆಮೇಲೆ ಮಾಡಬೇಕು. ಬ್ಯಾಕಪ್ ಇಲ್ಲದೆ ಇದಕ್ಕೆ ಇಳಿಯಬೇಡಿ.

ಸಾಗಿಸಿದ ಮೇಲೆ

ಯಾವ ದಾರಿ ಹಿಡಿದರೂ ಬ್ಯಾಕಪ್ ತಂತ್ರಾಂಶಕ್ಕೆ ಹೊಸ ಜಾಗ ತೋರಿಸಿ. ಅದು ಮೊದಲಿನಂತೆ ಸಿ ಡ್ರೈವನ್ನಷ್ಟೇ ಬ್ಯಾಕಪ್ ಮಾಡುತ್ತಿದ್ದರೆ, ಜಂಕ್ಷನ್ ಹಿಂಬಾಲಿಸದ ಬ್ಯಾಕಪ್ ಆಗಿದ್ದರೆ, ನಿಮ್ಮ ಡೇಟಾ ಅಂದಿನಿಂದ ಬ್ಯಾಕಪ್‌ನಲ್ಲೇ ಇರುವುದಿಲ್ಲ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಬ್ಯಾಕಪ್ ಫೈಲು ತೆರೆದು ಒಳಗೆ ಆ ಫೋಲ್ಡರ್ ಇದೆಯಾ ಅಂತ ಕಣ್ಣಾರೆ ನೋಡಿ. ಟ್ಯಾಲಿಯ ಬ್ಯಾಕಪ್ ದಾರಿಯೂ ಡೇಟಾ ಇರುವ ಡಿಸ್ಕಿಗೇ ಇದ್ದರೆ ಅದನ್ನು ಬೇರೆ ಡಿಸ್ಕಿಗೆ ಬದಲಿಸಿ.

ಮುಂದೆ ವಿಂಡೋಸ್ ಹೊಸದಾಗಿ ಹಾಕಿಸಿದಾಗ ಡಿಯಲ್ಲಿರುವ ಡೇಟಾ ಹಾಗೇ ಉಳಿಯುತ್ತದೆ, ಆದರೆ ಸಿಯಲ್ಲಿದ್ದ ಜಂಕ್ಷನ್, ವೇರಿಯಬಲ್, ಲೊಕೇಶನ್ ಯಾವುದೂ ಇರುವುದಿಲ್ಲ. ಎಲ್ಲವನ್ನೂ ಮತ್ತೆ ಮಾಡಬೇಕು. ಯಾವ ಪ್ರೋಗ್ರಾಂನ ಯಾವ ಫೋಲ್ಡರ್ ಎಲ್ಲಿಗೆ, ಯಾವ ದಾರಿಯಿಂದ ಹೋಗಿದೆ ಎಂದು ಒಂದು ನೋಟ್‌ಪ್ಯಾಡ್ ಫೈಲಿನಲ್ಲಿ ಬರೆದು ಡಿ ಡ್ರೈವ್‌ನ ಮೊದಲಲ್ಲೇ ಇಡಿ. ಹೊಸ ವಿಂಡೋಸ್‌ನಲ್ಲಿ ಹಳೆಯ ಫೋಲ್ಡರ್ ತೆರೆಯಲು ಹೋದರೆ ಪರ್ಮಿಷನ್ ಇಲ್ಲ ಅಂತ ಬರಬಹುದು. ಗಾಬರಿಯಾಗಬೇಡಿ. ಅಡ್ಮಿನ್ ಅಕೌಂಟ್‌ನಲ್ಲಿ ಕಂಟಿನ್ಯೂ ಒತ್ತಿದರೆ ಸಾಮಾನ್ಯವಾಗಿ ತೆರೆಯುತ್ತದೆ. ತೆರೆಯದಿದ್ದರೆ ಪ್ರಾಪರ್ಟೀಸ್‌ನ ಸೆಕ್ಯುರಿಟಿಯಲ್ಲಿ ಓನರ್ ಜಾಗಕ್ಕೆ ನಿಮ್ಮ ಹೊಸ ಅಕೌಂಟ್ ಹಾಕಿ.